ಅಕ್ಷರದ ಮೇಲೆ ನಿಂತ ಮಧುಕರರಾಯರು

ಮಧುಕರರಾಯರನ್ನು ನಾನು ಮೊದಲ ಸಲ ಕಂಡದ್ದು 2023ರ ಜುಲೈ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ನಾಸಿಕದ ಪಕ್ಕದ ಸೇನಾ ನೆಲೆ ದೇವಳಾಲಿ ಕ್ಯಾಂಪಿನ ಅವರ ಮನೆಯಲ್ಲಿ. ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಸಂಭಾಜಿನಗರಕ್ಕೆ ಬಂದು ಆಗ ಎಂಟು ತಿಂಗಳಾಗಿತ್ತು. ನಾಸಿಕ ಮತ್ತು ಸಂಭಾಜಿನಗರದ ಕನ್ನಡಿಗರು ಸೇರಿ ನಡೆಸುವ ಗೋದಾವರಿ ಕನ್ನಡ ಬಳಗಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಹೊಸಬ, ಮದುವೆಯಾಗಿಲ್ಲ, ಕೈಬರಹ ಚೆನ್ನಾಗಿದೆ ಎಂಬುದು ನನ್ನ ಅರ್ಹತೆ. ಮುಂದಿನ ಸಭೆಯ ಉಪನ್ಯಾಸಕ್ಕೆ ರಾಯರ ಒಪ್ಪಿಗೆ ತರಲು ಅಧ್ಯಕ್ಷ ವೈಜನಾಥಪ್ಪನವರು ನನ್ನನ್ನು ಕಳಿಸಿದ್ದರು. ಫೋನಿನಲ್ಲಿ ಕೇಳಿದರೆ ರಾಯರು ಒಪ್ಪುವುದಿಲ್ಲವಂತೆ, ಮನೆಗೆ ಹೋಗಿ ಕರೆಯಬೇಕಂತೆ.

ನಾಸಿಕ್ ರೋಡಿನಲ್ಲಿ ರೈಲಿಳಿದು, ಸೈನಿಕರ ಕುಟುಂಬವೊಂದರ ಟ್ರಂಕು ಮಕ್ಕಳ ನಡುವೆ ಷೇರ್ ರಿಕ್ಷಾದಲ್ಲಿ ಕೂತು ಅವರ ಮನೆ ಸೇರುವಷ್ಟರಲ್ಲಿ ಜಿಟಿಜಿಟಿ ಮಳೆಗೆ ನನ್ನ ಪ್ಯಾಂಟು ಮೊಳಕಾಲವರೆಗೆ ತೊಯ್ದಿತ್ತು. ಬಾಗಿಲು ತೆರೆದವರು ಅವರೇ. ಎತ್ತರದ ಆಳು. ಬಣ್ಣ ಹಚ್ಚಿದ ಕಪ್ಪು ಕೂದಲು. ಕತ್ತಿನವರೆಗೆ ಗುಂಡಿ ಹಾಕಿದ ಕಡುಗೆಂಪು ರೇಷ್ಮೆ ಅಂಗಿ, ಎದೆಯ ಮೇಲೆ ಬೆಂಕಿ ಕಾರುವ ಒಂದು ಹಾವು. ಅಂಗಿಯ ಕೆಳಗೆ ಮಾತ್ರ ಮನೆಯ ಪಟ್ಟೆ ಪೈಜಾಮ.

"ಬರ್ರಿ. ಚಪ್ಪಲಿ ಹೊರಗ ಬಿಡ್ರಿ, ಛತ್ರಿ ಮೂಲ್ಯಾಗ ಇಡ್ರಿ. ಮಾತಾಡಬ್ಯಾಡ್ರಿ, ಚಹಾ ತಯಾರಾಗೇದ" ಎಂದರು.

ಹಿಡಿಕೆಯಿಲ್ಲದ, ಅರಿಶಿನ ಬಟ್ಟಲಿನಷ್ಟು ಸಣ್ಣ ಎರಡು ಕಪ್ಪುಗಳಿಗೆ ಅವರು ಹಳದಿ ನೀರನ್ನು ಬಹಳ ಎತ್ತರದಿಂದ ಸುರಿದರು. ಹಾಲಿಲ್ಲ, ಸಕ್ಕರೆಯಿಲ್ಲ.

"ಮೂರು ಗುಟುಕು ಇರೋದು. ಮೊದಲನೇದು ನಾಲಿಗಿಗೆ, ಎರಡನೇದು ಮೂಗಿಗೆ, ಮೂರನೇದು ಮನಸ್ಸಿಗೆ. ಸಾವಿರದ ಮುನ್ನೂರು ವರ್ಷದ ಹಿಂದ ತಾಂಗ್ ರಾಜರ ಕಾಲದ ಕವಿಗಳು ಹಿಂಗ ಕುಡೀತಿದ್ರು. ನಿಮ್ಮ ಮನಸ್ಸಿಗೆ ಏನಂತದ, ಹೇಳ್ರಿ."

ನನ್ನ ಮನಸ್ಸಿಗೆ ಅದು ಹುಲ್ಲು ಕುದಿಸಿದ ನೀರು ಎನ್ನಿಸಿತು. ಕೆಟಲಿನ ಮುಚ್ಚಳದ ಸಂದಿಯಿಂದ ಟೀ ಬ್ಯಾಗಿನ ದಾರ ಜೋತಾಡುತ್ತಿತ್ತು. ಅದರ ತುದಿಯ ಚೀಟಿಯಲ್ಲಿ ಕಂಪನಿಯ ಹೆಸರು. ತಾಂಗ್ ರಾಜರ ಕಾಲದಲ್ಲಿ ದಾರವಿತ್ತೋ ಇಲ್ಲವೋ ಎಂದು ನಾನು ಕೇಳಲಿಲ್ಲ. "ಚಲೋ ಅದರಿ" ಎಂದೆ.

ಆಗಲೇ ಮೇಜಿನಿಂದ ಒಂದು ಬರೆದ ಹಾಳೆ ಜಾರಿ ನೆಲಕ್ಕೆ ಬಿದ್ದು ನನ್ನ ಕಾಲಿಗೆ ತಾಗಿತು. ಎತ್ತಿ ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟೆ. ಇದು ನನಗೆ ಯೋಚಿಸಿ ಮಾಡುವ ಕೆಲಸವಲ್ಲ. ಔರಾದ ತಾಲ್ಲೂಕಿನ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೂ ಭಜಿ ಕಟ್ಟಿದ ಪೇಪರು ಅಂಗಳದಲ್ಲಿ ಬಿದ್ದಿದ್ದರೆ ದಾಟದೆ ಬದಿಗೆ ಸರಿದು ನಡೆಯುತ್ತಿದ್ದ. ರಾಯರು ನಕ್ಕರು.

"ಹಳ್ಳಿ ಪದ್ಧತಿ! ಆದ್ರ ನಾಚಬ್ಯಾಡ್ರಿ. ಚೀನಾದಾಗನೂ ಹಿಂಗ ಇತ್ತು. ಅಕ್ಷರ ಬರೆದ ಕಾಗದ ಅವರು ಕಸದಾಗ ಹಾಕತಿದ್ದಿಲ್ಲ. ಆರಿಸಿ ಆರಿಸಿ ತಂದು ಅದಕ್ಕಂತನ ಕಟ್ಟಿದ ಒಲಿಯೊಳಗ ಸುಡತಿದ್ರು. ಅಕ್ಷರ ತುಳಿಯೋದು ಅಲ್ಲಿ ಮಹಾಪಾಪ. ನೀವು ಅರ್ಧ ಚೀನೀನ ಇದ್ದೀರಿ ಬಿಡ್ರಿ!"

ಆ ಮಾತಿಗೆ ನಾನು ಸೋತೆ. ಇವರು ನಿಜವಾಗಿ ತಿಳಿದವರು ಎಂದುಕೊಂಡೆ. ಒಪ್ಪಿಗೆ ಸಿಕ್ಕಿ ಹೊರಡುವಾಗ ಅವರ ಹೆಂಡತಿ ನಿರುಪಮಾಬಾಯಿ ಒಳಗಿನಿಂದ ಕರೆದರು. "ತಮ್ಮಾ, ಇಲ್ಲಿ ಬಾ. ತೊಯ್ಸಿಕೊಂಡು ಬಂದೀಯ, ಖರೇ ಚಹಾ ಕುಡಿದು ಹೋಗು." ಅಡುಗೆಮನೆಯಲ್ಲಿ ನಿಂತು, ಶುಂಠಿ ಹಾಕಿದ ಚಹಾವನ್ನು ತುಂಬಿದ ಲೋಟದಲ್ಲಿ ಕುಡಿದೆ.

ರಾಯರು ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಉಗ್ರಾಣ ನೋಡಿಕೊಂಡಿದ್ದವರು. ಊರು ಬಾಗಲಕೋಟೆಯ ಕಡೆ. ಚೀನೀ ಹಳೆಯ ಕಾವ್ಯ ಅವರಿಗೆ ಹತ್ತಿದ್ದು ನಿವೃತ್ತಿಗೆ ಐದಾರು ವರ್ಷ ಮೊದಲು, ನಾಸಿಕದ ಫುಟ್‌ಪಾತಿನಲ್ಲಿ ಕೊಂಡ ಒಂದು ಇಂಗ್ಲಿಷ್ ಅನುವಾದದಿಂದ. ಇದನ್ನು ಅವರು ಹೇಳಲಿಲ್ಲ, ನಿರುಪಮಾಬಾಯಿ ಹೇಳಿದರು. ಅವರು ಹೇಳುತ್ತಿದ್ದ ಕತೆ ಬೇರೆ: ಉಗ್ರಾಣದ ಬಿಡುವಿನಲ್ಲಿ ಮೂರು ಸಾವಿರ ಚೀನೀ ಅಕ್ಷರಗಳನ್ನು ತಾವೇ ಕಲಿತರು, ಗುರುವಿಲ್ಲದೆ, ಮೂಲವನ್ನೇ ಓದಿದರು.

ಬಳಗದಲ್ಲಿ ಇದನ್ನು ಪರೀಕ್ಷಿಸುವವರು ಯಾರೂ ಇರಲಿಲ್ಲ. ಪರೀಕ್ಷಿಸಬೇಕೆಂಬ ಆಸೆಯೂ ಯಾರಿಗೂ ಇರಲಿಲ್ಲ. ನಮ್ಮ ಜನಕ್ಕೆ ಅರ್ಥವಾಗುವ ಭಾಷಣ ಕೇಳಿದರೆ ಆಕಳಿಕೆ ಬರುತ್ತದೆ, ಅರ್ಥವಾಗದ ಭಾಷಣಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ರಾಯರು ಕಣ್ಣು ಮುಚ್ಚಿ, ಮೂಗಿನಲ್ಲಿ, ಏರಿಳಿಸಿ ಏನನ್ನೋ ಹಾಡಿದಂತೆ ಹೇಳುವರು. ಆಮೇಲೆ ಕಣ್ಣು ತೆರೆದು, "ಇದರ ಅರ್ಥ ಕನ್ನಡಕ್ಕ ಬರೋದಿಲ್ಲ" ಎನ್ನುವರು. ಮುಂದಿನ ಸಾಲಿನ ಬ್ಯಾಂಕ್ ಮ್ಯಾನೇಜರುಗಳು ತಲೆದೂಗುವರು. ಕಡೆಗೆ ಸತ್ಕಾರ. ಈ ಪ್ರಾಂತದಲ್ಲಿ ಸತ್ಕಾರವಿಲ್ಲದ ಸಭೆಯಿಲ್ಲ. ಶಾಲು, ತೆಂಗಿನಕಾಯಿ, ಫೋಟೋ. ಮೈಕಿನವನಿಗೂ ಒಂದು ಶಾಲು ಇರುತ್ತದೆ. ಹೊದಿಸಿಕೊಳ್ಳುವವನು ಯಾಕೆ ಹೊದಿಸಿದರು ಎಂದು ಕೇಳುವುದಿಲ್ಲ, ಹೊದಿಸುವವನಿಗೂ ಗೊತ್ತಿರುವುದಿಲ್ಲ. ರಾಯರ ಮನೆಯ ಕಪಾಟಿನಲ್ಲಿ ಅಂಥ ಮೂವತ್ತೊಂದು ಶಾಲುಗಳಿದ್ದವು. "ಹೊದ್ರ ಚುಚ್ಚತಾವ, ಹಾಸಿದ್ರ ಜಾರತಾವ" ಎನ್ನುತ್ತಿದ್ದರು ನಿರುಪಮಾಬಾಯಿ.

ಬಳಗಕ್ಕೆ ಇಪ್ಪತ್ತೈದು ತುಂಬುವ ವರ್ಷ ರಾಯರು ಒಂದು ಹಸ್ತಪ್ರತಿ ತಂದರು. ನೂರೆಂಟು ಚೀನೀ ಕವಿತೆಗಳ ಕನ್ನಡ ಅನುವಾದ. ಬಳಗವೇ ಪ್ರಕಟಿಸಬೇಕು, ಮತ್ತು ಮುಖಪುಟದ ಒಳಹಾಳೆಯಲ್ಲಿ 'ಮೂಲ ಚೀನೀ ಭಾಷೆಯಿಂದ ನೇರ ಅನುವಾದ' ಎಂದು ಅಚ್ಚಾಗಬೇಕು. ಆ ಒಂದು ಸಾಲಿನ ಮೇಲೆ ಅವರ ಜೀವವಿತ್ತು. ಕವಿತೆಗಳಲ್ಲಿ ಎರಡು ಮೂರನ್ನು ಕೈಬಿಡೋಣವೆಂದಾಗ ತಕ್ಷಣ ಒಪ್ಪಿದರು. ಆ ಸಾಲಿನ ಮಾತು ಬಂದಾಗ ಮಾತ್ರ ಮೈ ಬಿಗಿದು ಕೂತರು.

ಪುಸ್ತಕದ ಆರಂಭದಲ್ಲಿ ಬರುವ 'ಪ್ರಕಾಶಕರ ಮಾತು' ಪುಟಕ್ಕೆ ಕಾರ್ಯದರ್ಶಿಯಾಗಿ ನಾನು ಸಹಿ ಹಾಕಬೇಕು. ಹಸ್ತಪ್ರತಿಯನ್ನು ನಾನು ಎರಡು ಸಲ ಓದಿದ್ದೆ. ಕೆಲವು ಚೆನ್ನಾಗಿದ್ದವು, ದೂರ ಹೋಗುವ ಗೆಳೆಯನನ್ನು ದೋಣಿಯವರೆಗೆ ಕಳಿಸಿ ಬರುವ ಒಂದು ಕವಿತೆಯನ್ನು ನಾನು ಬ್ಯಾಂಕಿನ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಎಲ್ಲದರ ಮೂಲವನ್ನು ಎದುರು ಪುಟದಲ್ಲಿ ಹಾಕೋಣ, ಓದುವವರಿಗೆ ಅನುಕೂಲ ಎಂದು ಕೇಳಿದೆ.

"ಯಾರು ಓದವ್ರು? ನೀವಾ?" ಎಂದರು ರಾಯರು.

"ನನಗ ಬರೂದಿಲ್ಲರಿ. ಬರೋರು ಓದ್ತಾರ."

"ಗುರುಪ್ರಸಾದ, ನೀವು ಬ್ಯಾಂಕಿನವರು. ಸಹಿ ತಾಳೆ ನೋಡೋದು ನಿಮ್ಮ ಧಂದೆ. ಕವಿತಾ ಅಂದ್ರ ಚೆಕ್ಕಲ್ಲ. ಚೀನಾಕ್ಕ ಹೊಂಟೀವಲ್ಲ, ಅಲ್ಲಿಯ ವಿದ್ವಾಂಸರ ಬಾಯಿಂದನ ಕೇಳಿಸ್ತೀನಿ ನಿಮಗ. ಆಮೇಲೆ ಹಾಕ್ರಿ ಸಹಿ."

ಬಳಗದ ಹನ್ನೊಂದು ಮಂದಿ ನಾಸಿಕದ ಒಂದು ಪ್ರವಾಸ ಸಂಸ್ಥೆಯ ಗುಂಪಿನಲ್ಲಿ ಆ ವರ್ಷ ಚೀನಾಕ್ಕೆ ಹೋಗುವುದು ಆಗಲೇ ಗೊತ್ತಾಗಿತ್ತು. ಬ್ಯಾಂಕಾಕ್ ಮೂಲಕ ಶಿಆನ್ ನಗರಕ್ಕೆ, ಎಂಟು ದಿನ, ಜೊತೆಗೆ ಥಾಲೀಪೀಠ ಮಾಡುವ ಅಡುಗೆಯವರು. ಸಹಿ ಹಾಕುವ ಮುನ್ನ ನೋಡಿಬಿಡೋಣ ಎಂದು ನಾನೂ ಸೇರಿದೆ. ಬಳಗದ ಕಿರಿಯ ಸದಸ್ಯೆ ಭಾಗ್ಯಶ್ರೀ ಎಂಬ ಹುಡುಗಿಯೂ ಬಂದಳು. ಅವಳ ತಂದೆತಾಯಿ ಕಲಬುರಗಿ ಜಿಲ್ಲೆಯ ಆಳಂದದವರು, ಅವಳು ಹುಟ್ಟಿದ್ದು ಬೆಳೆದದ್ದು ಸಂಭಾಜಿನಗರದಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಮಾತ್ರ ಮರಾಠಿ ನುಗ್ಗುತ್ತದೆ. ಊರ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಮೇಲ್ವಿಚಾರಕಿ. ಯಂತ್ರ ಕೂಡಿಸಲು ಬಂದ ಚೀನೀ ತಂತ್ರಜ್ಞರ ಜೊತೆ ಒಂದು ವರ್ಷ ಕೆಲಸ ಮಾಡಿ, ಆಮೇಲೆ ಆನ್‌ಲೈನಿನಲ್ಲಿ ಚೀನೀ ಭಾಷೆ ಕಲಿತು, ಅದರ ಎರಡು ಪರೀಕ್ಷೆಗಳನ್ನೂ ಪಾಸು ಮಾಡಿದ್ದಳು.

ವಿಮಾನ ನಿಲ್ದಾಣದಲ್ಲಿ ಇದನ್ನು ಕೇಳಿ ರಾಯರು ಕೈ ಬೀಸಿದರು. "ಅದು ನಟ್ಟು ಬೋಲ್ಟಿನ ಚೀನೀ ಅವ್ವಾ. 'ಸ್ಕ್ರೂ ಬಿಗಿ ಮಾಡು, ಸ್ವಿಚ್ ಆಫ್ ಮಾಡು.' ನಿನಗ ಕನ್ನಡನ ನೆಟ್ಟಗ ಬರೂದಿಲ್ಲ, ಕಾವ್ಯದ ಚೀನೀ ಎಲ್ಲಿಂದ ಬರಬೇಕು?"

"ಹೋ ಕಾಕಾ, ಬರೋಬರ್" ಎಂದು ಅವಳು ಒಪ್ಪಿದವಳಂತೆ ನಕ್ಕಳು.

ಶಿಆನ್‌ನಲ್ಲಿ ನಮ್ಮ ಬಸ್ಸಿನ ಮೈಕು ಮೊದಲ ದಿನವೇ ಚೀನೀ ಗೈಡಿನ ಕೈಯಿಂದ ರಾಯರ ಕೈಗೆ ಹೋಯಿತು. ಆಮೇಲೆ ಅದು ವಾಪಸು ಬರಲಿಲ್ಲ. ಕಿಟಕಿಯಲ್ಲಿ ಮೆಟ್ರೋ ಕಂಡರೂ, ಮಾಲ್ ಕಂಡರೂ ರಾಯರಿಗೆ ಚಂದ್ರ ಕಾಣುತ್ತಿದ್ದ, ಏಕಾಂಗಿ ಕವಿ ಕಾಣುತ್ತಿದ್ದ. ಪ್ರವಾಸಿಗಳಲ್ಲಿ ಅರ್ಧ ಜನ ನಿದ್ದೆ ಹೋದರು. ಉಳಿದವರು ಮಧ್ಯಾಹ್ನ ಚಪಾತಿಯೋ ಪುರಿಯೋ ಎಂದು ಚರ್ಚಿಸಿದರು. ರಾಯರಿಗೆ ಅದರಿಂದ ಬೇಸರವಾಗಲಿಲ್ಲ. ಅವರಿಗೆ ಬೇಕಾದದ್ದು ಮೈಕು; ಕೇಳುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಎರಡನೆಯ ದಿನ ಒಂದು ಹೋಟೆಲಿನಲ್ಲಿ ಪರಿಚಾರಿಕೆಯ ಮುಂದೆ ಕಣ್ಣು ಮುಚ್ಚಿ, ಮೂಗಿನಲ್ಲಿ ಒಂದು ಕವಿತೆ ಹೇಳಿದರು. ಆ ಹುಡುಗಿ ಗಾಬರಿಯಿಂದ ಕೇಳಿ, ಒಳಗೆ ಓಡಿ, ಒಂದು ದೊಡ್ಡ ಜಗ್ಗಿನಲ್ಲಿ ಬಿಸಿನೀರು ತಂದಿಟ್ಟಳು. ಮುದುಕರಿಗೆ ಎದೆನೋವು ಎಂದು ತಿಳಿದಳೋ ಏನೋ.

"ತಿಳೀಲಿಲ್ಲ ಅನಸ್ತದರಿ ಆಕಿಗೆ" ಎಂದೆ.

"ಹೆಂಗ ತಿಳೀತದ? ಇವೆಲ್ಲ ಮೊಬೈಲ್ ಹುಡುಗ್ಯಾರು. ನನ್ನದು ತಾಂಗ್ ಕಾಲದ ಉಚ್ಚಾರ. ಈಗಿನವರು ಅದನ್ನ ಮರೆತು ಕೂತಾರ. ಇವರ ಭಾಷಾ ಇವರಿಗೆ ನಾನ ಕಲಿಸಬೇಕಾಗೇದ" ಎಂದು ಅದೇ ಬಿಸಿನೀರನ್ನು ಮೂರು ಗುಟುಕಿನಲ್ಲಿ ಕುಡಿದರು.

ಒಂದು ದೇಶದ ಜನಕ್ಕೆಲ್ಲ ಅವರ ಭಾಷೆ ಮರೆತುಹೋಗಿದೆ, ಬಾಗಲಕೋಟೆಯ ಒಬ್ಬರಿಗೆ ಮಾತ್ರ ನೆನಪಿದೆ! ಇಂಥ ಮಾತನ್ನು ನಗದೆ ಹೇಳಲು ಮೂವತ್ತೊಂದು ಶಾಲುಗಳ ಬೆಂಬಲ ಬೇಕು.

ನಾಲ್ಕನೆಯ ದಿನ ಬೆಳಿಗ್ಗೆ ಹಳೆಯ ಕೋಟೆಗೋಡೆಯ ಪಕ್ಕದ ಉದ್ಯಾನಕ್ಕೆ ಹೋದೆವು. ಅಲ್ಲಿ ನಿವೃತ್ತರು ವ್ಯಾಯಾಮ ಮಾಡುತ್ತಾರೆ, ಹಾಡುತ್ತಾರೆ. ಕೆಲವರು ಸೊಂಟದೆತ್ತರದ ಕುಂಚವನ್ನು ನೀರಿನ ಬಕೀಟಿನಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಹಳೆಯ ಕವಿತೆಗಳನ್ನು ಬರೆಯುತ್ತಾರೆ. ಕೊನೆಯ ಸಾಲು ಮುಗಿಯುವ ಹೊತ್ತಿಗೆ ಮೊದಲ ಸಾಲು ಆರಲು ಶುರುವಾಗಿರುತ್ತದೆ. ಯಾರೂ ಅದಕ್ಕೆ ಬೇಸರಿಸುವುದಿಲ್ಲ, ಮತ್ತೆ ಬರೆಯುತ್ತಾರೆ. ಅಂಥ ಒಬ್ಬ ಮುದುಕರು, ಮಾಸಿದ ನೀಲಿ ಕೋಟು, ಬಟ್ಟೆಯ ಬೂಟು, ಒಬ್ಬರೇ ಬರೆಯುತ್ತಿದ್ದರು. ಒಂದೊಂದು ಅಕ್ಷರವೂ ಊಟದ ತಟ್ಟೆಯಷ್ಟು. ಪಕ್ಕದಲ್ಲಿ ನಿಂತ ನಾಲ್ಕಾರು ಜನ ಮೆಲ್ಲನೆ ಓದಿಕೊಳ್ಳುತ್ತಿದ್ದರು. ನನಗೆ ಒಂದಕ್ಷರ ತಿಳಿಯದಿದ್ದರೂ ಕಣ್ಣು ಕೀಳಲಾಗಲಿಲ್ಲ. ಮೈಕಿಲ್ಲ, ವೇದಿಕೆಯಿಲ್ಲ, ಬರೆದದ್ದು ಹತ್ತು ನಿಮಿಷ ಇರುತ್ತದೆ, ಆದರೂ ಆ ಮನುಷ್ಯ ಒಂದೊಂದು ಗೆರೆಗೂ ಉಸಿರು ಹಿಡಿದು ಬಗ್ಗುತ್ತಿದ್ದರು.

ರಾಯರು ಗೈಡಿನ ಹೆಗಲು ತಟ್ಟಿ ಇಂಗ್ಲಿಷಿನಲ್ಲಿ ಹೇಳಿದರು. "ಭಾರತದಿಂದ ಬಂದ ವಿದ್ವಾಂಸರು, ನಿಮ್ಮ ಕಾವ್ಯವನ್ನ ಮೂಲದಾಗ ಓದಿದವರು ಅಂತ ಹೇಳಪಾ." ಗೈಡು ಹೇಳಿ, ಬಸ್ಸಿನ ಕಡೆ ಜನರನ್ನು ಎಣಿಸಲು ಹೋದ. ಮುದುಕರ ಮುಖ ಅರಳಿತು. ಎರಡು ಕೈಗಳಿಂದ ರಾಯರ ಕೈ ಹಿಡಿದು ಕುಲುಕಿದರು. ಕವಿತೆಯ ಆಚೆ ಬದಿಗೆ ಹಿಂತಿರುಗಿ, ಬರೆದದ್ದನ್ನು ತೋರಿಸಿ, ಓದಿ ಎಂಬಂತೆ ಕೈ ಚಾಚಿದರು. ನಿಂತಿದ್ದವರೆಲ್ಲ ರಾಯರ ಬಾಯಿ ನೋಡಿದರು.

ರಾಯರು ಓದಲಿಲ್ಲ. "ನಿರುಪಮಾ, ಶಾಲು!" ಎಂದು ಕೂಗಿದರು.

ನಿರುಪಮಾಬಾಯಿ ಭಾಗ್ಯಶ್ರೀಯನ್ನು ಕರೆದುಕೊಂಡು ಶೌಚಾಲಯ ಹುಡುಕಿ ಹೋಗಿದ್ದರು. ಅವರ ಚೀಲ ನನ್ನ ಕೈಯಲ್ಲಿತ್ತು. ಶಾಲು ತೆಗೆದುಕೊಟ್ಟೆ. ತೆಂಗಿನಕಾಯಿಯನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಂಡಿದ್ದರಿಂದ ರಾಯರು ಒಂದು ಸೇಬು ತಂದಿದ್ದರು. ಒಂದು ಕೈಯಲ್ಲಿ ಶಾಲು, ಒಂದು ಕೈಯಲ್ಲಿ ಸೇಬು ಹಿಡಿದು, ಕವಿತೆಯ ಆಚೆ ದಂಡೆಯಲ್ಲಿದ್ದ ಮುದುಕರ ಕಡೆಗೆ ಹೊರಟರು. ಸುತ್ತಿ ಹೋಗಲಿಲ್ಲ. ನೇರವಾಗಿ, ಹಸಿ ಅಕ್ಷರಗಳ ಮೇಲೆ, ಬೂಟು ಹಾಕಿಕೊಂಡು ನಡೆದರು.

ನೋಡುತ್ತಿದ್ದವರ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು. "ಸರ್, ಕಾಲು! ಅಕ್ಷರ ಅದಾವರಿ ಕೆಳಗ" ಎಂದೆ.

"ನೀರ್ರೀ ಅದು! ಒಣಗತದ. ನೀವು ಫೋಟೋ ತೆಗೀರಿ."

ಮುದುಕರ ಹೆಗಲಿಗೆ ಜರಿಯಂಚಿನ ಶಾಲು ಬಿತ್ತು, ಕೈಗೆ ಸೇಬು ಬಂತು. ಅವರು ತಗ್ಗಿದ ದನಿಯಲ್ಲಿ ಏನೋ ಹೇಳಿದರು. ರಾಯರು ತಲೆದೂಗಿದರು. ಮುದುಕರು ಇನ್ನೊಮ್ಮೆ ಹೇಳಿದರು. ರಾಯರು ಕೈ ಮುಗಿದರು, ಆದರೆ ಕ್ಯಾಮೆರಾದ ಕಡೆ ಮುಖ ಮಾಡಿ ನಿಂತ ಜಾಗ ಬಿಡಲಿಲ್ಲ. ಮಾತು ತಿಳಿಯದಿದ್ದರೂ ಮೂಲ ಓದಿದ ವಿದ್ವಾಂಸರಿಗೆ ಬರಹ ತಿಳಿದೀತು ಎಂದುಕೊಂಡರೇನೋ, ಮುದುಕರು ಕುಂಚವನ್ನು ನೀರಿಗದ್ದಿ, ರಾಯರ ಬೂಟಿನ ಮುಂದೆಯೇ ನಿಧಾನವಾಗಿ ಐದು ಅಕ್ಷರ ಬರೆದರು.

ರಾಯರ ಕಣ್ಣಲ್ಲಿ ನೀರು ಬಂತು. "ನೋಡಿದ್ರಿ ಗುರುಪ್ರಸಾದ? ನನ್ನ ಮ್ಯಾಲ ಸಾಲು ಕಟ್ಟಿದ್ರು! ತೆಗೀರಿ, ಅದು ಬರೋ ಹಂಗ ತೆಗೀರಿ, ನನ್ನ ಕಾಲ ಹತ್ರದ್ದು!"

ತೆಗೆದೆ. ಐದು ಅಕ್ಷರ, ಎರಡು ಬೂಟು, ಬೂಟಿನ ಕೆಳಗೆ ಅಳಿಸಿದ ಕವಿತೆ. ಮುದುಕರು ಸ್ವಲ್ಪ ಹೊತ್ತು ಕಾದರು. ಆಮೇಲೆ ಶಾಲನ್ನು ನಾಲ್ಕು ಮಡಿಕೆ ಮಾಡಿ ಸೇಬಿನ ಜೊತೆ ಬೆಂಚಿನ ಮೇಲಿಟ್ಟು, ಬಕೀಟು ಎತ್ತಿಕೊಂಡು, ದೂರದ ಇನ್ನೊಂದು ಕಲ್ಲುಹಾಸಿಗೆ ಹೋಗಿ ಮೊದಲಿನಿಂದ ಬರೆಯತೊಡಗಿದರು. ಭಾಗ್ಯಶ್ರೀ ಬರುವಷ್ಟರಲ್ಲಿ ಇಲ್ಲಿಯದು ಆರಿತ್ತು.

ಆ ಫೋಟೋ ಅದೇ ಸಂಜೆ ಬಳಗದ ವಾಟ್ಸಾಪಿನಲ್ಲಿ ಬಂತು. 'ಚೀನಾದ ಹಿರಿಯ ವಿದ್ವಾಂಸರಿಂದ ಕನ್ನಡದ ಅನುವಾದಕನಿಗೆ ಕಾವ್ಯನಮನ.' ಮರುಗಳಿಗೆಯಲ್ಲಿ ಅರವತ್ತೆರಡು ಮಂದಿ ಕೈ ಮುಗಿದರು. ಉದ್ಯಾನದ ಆ ಮುದುಕರು ಯಾರು, ಅವರ ಹೆಸರೇನು ಎಂದು ಕೇಳಿದವರು ಅರವತ್ತೆರಡರಲ್ಲಿ ಒಬ್ಬರೂ ಇಲ್ಲ. ರಾಯರೂ ಅವರ ಹೆಸರು ಕೇಳಿರಲಿಲ್ಲ.

ಭಾಗ್ಯಶ್ರೀ ಬಸ್ಸಿನಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. "ಏನದ?" ಎಂದು ಕೇಳಿದೆ. "ಸಾಂಗತೆ... ಹೇಳ್ತೀನಿ, ಈಗ ಬ್ಯಾಡ. ಕಾಕಾ ಖುಷ್ ಅದಾರ. ಟ್ರಿಪ್ ಮುಗೀಲಿ" ಎಂದಳು. ಅಷ್ಟು ವಿವೇಕ ಅವಳಿಗಿತ್ತು.

ಊರಿಗೆ ಬಂದ ಮೂರು ವಾರಕ್ಕೆ ಬಳಗದ ಕಾರ್ಯಕಾರಿ ಸಭೆ. ಸಂಭಾಜಿನಗರದಲ್ಲಿ ವೈಜನಾಥಪ್ಪನವರ ಪೈಪು ಮತ್ತು ನಲ್ಲಿ ಮಾರುವ ಅಂಗಡಿಯ ಮಹಡಿಯ ಮೇಲೆ. ಬೀದರದ ವೈಜನಾಥಪ್ಪನವರು ಒಳ್ಳೆಯವರು, ಆದರೆ ಅವರ ಪ್ರಕಾರ ಬಳಗದ ಯಾವುದೇ ಸಮಸ್ಯೆಗೆ ಪರಿಹಾರ ಒಂದೇ: ಬೇಗ ಸಹಿ, ಬೇಗ ಸತ್ಕಾರ, ಬೇಗ ಊಟ. ನಾಸಿಕದಿಂದ ರಾಯರೂ ನಿರುಪಮಾಬಾಯಿಯೂ ಬಂದಿದ್ದರು. ಮೇಜಿನ ಮೇಲೆ ಪುಸ್ತಕದ ಕರಡು. ಒಳಹಾಳೆಯಲ್ಲಿ ಆ ಸಾಲು, ಅದರ ಎದುರಿಗೆ ಆ ಫೋಟೋ.

"ಫೋಟೋ ಕೆಳಗ ಆ ಐದಕ್ಷರದ ಕನ್ನಡನೂ ಬರಲಿರಿ. ನೀವ ಹೇಳ್ರಿ, ಬರ್ಕೋತೀನಿ. ಮುಂದ ಸಹಿ ಹಾಕ್ತೀನಿ" ಎಂದೆ.

ರಾಯರು ಇದಕ್ಕೆ ಕಾದಿದ್ದವರಂತೆ ಜೇಬಿನಿಂದ ಒಂದು ಚೀಟಿ ತೆಗೆದರು. ಕಣ್ಣು ಮುಚ್ಚಿ, ಮೂಗಿನಲ್ಲಿ ಮೊದಲು ತಾಂಗ್ ಕಾಲದ ಉಚ್ಚಾರ ಮಾಡಿದರು. ಆಮೇಲೆ ಓದಿದರು:

"ದಕ್ಷಿಣದಿಂದ ಬಂದ ಹಂಸವೇ,
ನಿನ್ನ ಹೆಜ್ಜೆಗಾಗಿ ಕಾದಿತ್ತು ಈ ನೆಲ,
ಇಲ್ಲಿಯೇ ನಿಲ್ಲು."

"ವಾಹ್!" ಎಂದರು ವೈಜನಾಥಪ್ಪ. "ಐದ್ ಅಕ್ಷರದಾಗ ಇಷ್ಟೆಲ್ಲ ಕೂಡ್ಸ್ಯಾರ ನೋಡ್ರಿ! ಏ ಗುರುಪ್ರಸಾದ, ಇನ್ನೇನ್ ನೋಡ್ಲತ್ತೀದಿ? ಕೋರ್ಟ್ ನಡ್ಸಲತ್ತೀ ಏನ್? ಸಹಿ ಹಾಕ್, ಊಟ ಆರ್ಲತ್ತದ."

ನಾನು ಪೆನ್ನು ಕೆಳಗಿಟ್ಟು ಭಾಗ್ಯಶ್ರೀಯ ಕಡೆ ನೋಡಿದೆ. ಅವಳು ಪಾಳಿ ಮುಗಿಸಿ ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದಿದ್ದಳು. ಬರಬೇಕೆಂದು ನಾನೇ ಕೇಳಿದ್ದೆ.

"ಕಾಕಾ, ರಾಗ್ ಮಾಡ್ಕೋಬ್ಯಾಡ್ರಿ" ಎಂದಳು. "ಅದು ಕವಿತಾ ನಾಹೀ."

"ಮತ್ತೇನು, ಸ್ಕ್ರೂ ಬಿಗಿ ಮಾಡು ಅಂತ ಬರದಾರೇನು?" ರಾಯರು ಎಲ್ಲರ ಕಡೆ ನೋಡಿ ನಕ್ಕರು. ಒಂದಿಬ್ಬರು ಜೊತೆಗೆ ನಕ್ಕರು.

ಭಾಗ್ಯಶ್ರೀ ತನ್ನ ಮೊಬೈಲಿನಲ್ಲಿ ಇನ್ನೊಂದು ಫೋಟೋ ತೆರೆದು ಕರಡಿನ ಪಕ್ಕದಲ್ಲಿಟ್ಟಳು. ಬಿಡಕಿನ್‌ನ ಅವಳ ಯಂತ್ರದ ಹಸಿರು ಮುಚ್ಚಳ. ಅದರ ಮೇಲೊಂದು ಹಳದಿ ಸ್ಟಿಕರು. ಬೂಟಿನ ಚಿತ್ರಕ್ಕೆ ಅಡ್ಡ ಗೆರೆ. ಕೆಳಗೆ ನಾಲ್ಕು ಚೀನೀ ಅಕ್ಷರ. "ಇದು ರೋಜ್ ನೋಡ್ತೀನಿ ಕಾಕಾ. 'ದಯವಿಟ್ಟು ತುಳಿಯಬೇಡಿ.' ಆಜೋಬಾ... ಆ ಅಜ್ಜಾರು ಇದಕ್ಕ ಕಡೀಗೆ ಒಂದ ಅಕ್ಷರ ಸೇರ್ಸ್ಯಾರ. ಅದರ ಅರ್ಥ 'ಅಕ್ಷರ'. ಮ್ಹಣಜೆ... ಅಂದ್ರ, ದಯವಿಟ್ಟು ಅಕ್ಷರ ತುಳಿಯಬೇಡಿ."

ವೈಜನಾಥಪ್ಪನವರು ಕನ್ನಡಕ ಏರಿಸಿ ಎರಡನ್ನೂ ಪಕ್ಕಪಕ್ಕ ಹಿಡಿದು, ಪೈಪಿನ ಮೇಲಿನ ಕಂಪನಿ ಗುರುತು ತಾಳೆ ನೋಡುವಂತೆ ಬೆರಳಿಟ್ಟು ನೋಡಿದರು. ಅದಕ್ಕೆ ಚೀನೀ ಬರಬೇಕಾಗಿರಲಿಲ್ಲ. "ಒಂದ್... ಎರಡ್... ನಾಕೂ ಅವೇ ಅವರಿ" ಎಂದರು.

"ಮುದ್ರಣದ ಲಿಪಿ ಬ್ಯಾರೆ, ಕುಂಚದ ಲಿಪಿ ಬ್ಯಾರೆ" ಎಂದು ರಾಯರು ಶುರು ಮಾಡಿದರು. "ತಾಂಗ್ ಕಾಲದಾಗ ಇದ ಅಕ್ಷರಕ್ಕ—"

"ಸಾಕ್ರಿ" ಎಂದರು ನಿರುಪಮಾಬಾಯಿ. ಅವರು ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು. "ಮೂವತ್ತೆರಡು ವರ್ಷ ವಿಮಾನದ ರೆಕ್ಕಿ ಮ್ಯಾಲ 'ಇಲ್ಲಿ ಕಾಲಿಡಬ್ಯಾಡ' ಅಂತ ಇಂಗ್ಲಿಷಿನಾಗ ಓದಿದ್ರಿ. ಆ ಪದ್ಯಗಳನ್ನೂ ಇಂಗ್ಲಿಷಿನಾಗ ಓದಿದ್ರಿ. ಮುಂಜಾನೆ ಎದ್ದು ಒಬ್ಬರ ಕೂತು ಓದಿ ಕಣ್ಣೀರು ಹಾಕತಿದ್ರಿ, ನಾ ನೋಡೇನಿ. ಆಗ ನಿಮಗ ಒಂದ ಶಾಲೂ ಇದ್ದಿಲ್ಲ. ಇಂಗ್ಲಿಷಿನಿಂದ ಅಂತ ಬರೀರಿ, ಏನಾಗತದ?"

ನಾನೂ ಅದನ್ನೇ ಹೇಳಿದೆ. ಆ ಸಾಲನ್ನು 'ಇಂಗ್ಲಿಷ್ ಅನುವಾದಗಳ ಮೂಲಕ' ಎಂದು ತಿದ್ದಿದರೆ ಈಗಲೇ ಸಹಿ ಹಾಕುತ್ತೇನೆ, ದೋಣಿಯ ಕವಿತೆ ನನಗೆ ಬಾಯಿಪಾಠ ಬರುತ್ತದೆ ಎಂದೆ. ಅದು ಸುಳ್ಳಾಗಿರಲಿಲ್ಲ. ಆ ಮನುಷ್ಯನ ಹತ್ತಿರ ಒಂದು ನಿಜವಾದ ಪ್ರೀತಿ ಇತ್ತು. ಅದನ್ನು ಹಂಚಿಕೊಳ್ಳಲು ಮೂಲ ಬೇಕಿರಲಿಲ್ಲ, ರೇಷ್ಮೆ ಅಂಗಿ ಬೇಕಿರಲಿಲ್ಲ, ಶಿಆನ್ ಸಹ ಬೇಕಿರಲಿಲ್ಲ. 'ಓದಿದೆ, ಚೆನ್ನಾಗಿತ್ತು, ನೀವೂ ಓದಿ' ಎಂದರೆ ಮುಗಿಯುತ್ತಿತ್ತು.

ರಾಯರು ಕರಡನ್ನು ಚೀಲಕ್ಕೆ ತುರುಕಿದರು. "ಇಂಗ್ಲಿಷಿನಿಂದ ಮಾಡೋರು ಸಾವಿರ ಮಂದಿ ಅದಾರ. ಅದಕ್ಕ ಯಾರು ಬೆಲಿ ಕೊಡ್ತಾರ? ಆ ಸಾಲಿಲ್ಲಂದ್ರ ಪುಸ್ತಕನೂ ಇಲ್ಲ" ಎಂದರು.

ನೂರಕ್ಕೂ ಹೆಚ್ಚು ಕವಿತೆ ಒಂದು ಕಡೆ, ಒಂದು ಸುಳ್ಳು ಸಾಲು ಒಂದು ಕಡೆ; ಅವರು ಆರಿಸಿಕೊಂಡದ್ದು ಸಾಲನ್ನು. ಪುಸ್ತಕ ಅಚ್ಚಾಗಲಿಲ್ಲ.

ಸಭೆ ಅಲ್ಲಿಗೆ ಮುಗಿಯಿತು ಎಂದು ನೀವು ತಿಳಿದರೆ ನಮ್ಮ ಬಳಗ ನಿಮಗೆ ಗೊತ್ತಿಲ್ಲ. ಕಾರ್ಯಸೂಚಿಯ ಐದನೆಯ ವಿಷಯ 'ಮಧುಕರರಾಯರಿಗೆ ಸತ್ಕಾರ' ಎಂದಿತ್ತು. ಶಾಲು ತಂದಾಗಿತ್ತು, ತೆಂಗಿನಕಾಯಿಯ ಜುಟ್ಟು ಕೆತ್ತಿಯಾಗಿತ್ತು. ವೈಜನಾಥಪ್ಪ ನನ್ನ ಕಿವಿಯಲ್ಲಿ, "ತಂದಿದ್ದು ವಾಪಸ್ ಹೆಂಗ್ ಒಯ್ಯಾದು? ಛಲೋ ಕಾಣಲ್ಲ" ಎಂದು, ಎದ್ದು ಹೋಗಿ ಹೊದಿಸಿಯೇಬಿಟ್ಟರು. ಹತ್ತು ನಿಮಿಷ ಹಿಂದೆ ಬಾಯಿ ಬಿಟ್ಟು ಕೂತಿದ್ದವರೆಲ್ಲ ಚಪ್ಪಾಳೆ ಹೊಡೆದರು. ರಾಯರು ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿದರು. ಅದು ಮೂವತ್ತೆರಡನೆಯ ಶಾಲು.

ಐದಕ್ಷರ ಓದಿ ಹೇಳಿದ ಭಾಗ್ಯಶ್ರೀಗೆ ಯಾರೂ ಏನೂ ಹೊದಿಸಲಿಲ್ಲ. ಅವಳು ನಿರುಪಮಾಬಾಯಿಯ ಪಕ್ಕ ಕೂತು ಊಟ ಮಾಡಿ, ಮರುದಿನ ಬೆಳಗಿನ ಪಾಳಿಯಿದೆ ಎಂದು ಬೇಗ ಹೊರಟಳು. ಮೆಟ್ಟಿಲಿಳಿಯುವಾಗ ನಿರುಪಮಾಬಾಯಿ ಅವಳ ಕೈಯಲ್ಲಿ ಏನೋ ಇಟ್ಟರು. ಫುಟ್‌ಪಾತಿನಲ್ಲಿ ಕೊಂಡ ಆ ಇಂಗ್ಲಿಷ್ ಪುಸ್ತಕ. 'ಮನ್ಯಾಗ ಈಗ ಯಾರೂ ಓದೂದಿಲ್ಲ' ಎಂದರಂತೆ.

ರಾಯರ ಬೇಸರ ಕಳೆಯಲು ಅಧ್ಯಕ್ಷರು ಅವರಿಗೊಂದು ಹುದ್ದೆ ಸೃಷ್ಟಿಸಿದರು. ಮಧುಕರರಾಯರು ಈಗ ಗೋದಾವರಿ ಕನ್ನಡ ಬಳಗದ ಸತ್ಕಾರ ಸಮಿತಿಯ ಅಧ್ಯಕ್ಷರು. ತಿಂಗಳಿಗೊಮ್ಮೆ ದೇವಳಾಲಿಯಿಂದ ನಾಸಿಕದ ಪೇಟೆಗೆ ಹೋಗಿ ಶಾಲು ಆರಿಸಿ ತರುತ್ತಾರೆ, ಸಭೆಯಲ್ಲಿ ಹೊದಿಸುತ್ತಾರೆ.